ಪವರ್ ಬ್ಯಾಂಕ್‌ನಿಂದ ಲ್ಯಾಪ್‌ಟಾಪ್ ಫಾಸ್ಟ್ ಚಾರ್ಜ್: ರಾಯಚೂರಿನಲ್ಲಿ ನನ್ನ ಅನುಭವ

ಪವರ್ ಬ್ಯಾಂಕ್ ಏನಿದ್ದರೂ ಫೋನಿಗೆ, ಲ್ಯಾಪ್‌ಟಾಪ್‌ಗೆ ಇನ್ವರ್ಟರೇ ಗತಿ ಎಂದು ನನ್ನ ಜೊತೆ ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು. ಈಗ ಅವರೇ ತಮ್ಮ ಕೇಬಲ್ ತಂದು ನನ್ನ ಟೇಬಲ್ ಮೇಲೆ ಇಡುತ್ತಾರೆ, ಸ್ವಲ್ಪ ಚೆಕ್ ಮಾಡಿ ಕೊಡು ಎಂದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಓಡಾಟ ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳು, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್‌ಗಳು, ಸೀಸನ್‌ನಲ್ಲಿ ಮಾನ್ವಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳು. ಕರೆಂಟ್ ಹೋದರೆ ಮಿಲ್‌ನವರು ಜನರೇಟರ್ ಹಾಕುವುದು ಮಷೀನಿಗೆ, ಲೆಕ್ಕದ ಕೋಣೆಗೆ ಅಲ್ಲ. 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕುವಾಗ ಬ್ಯಾಟರಿ 9 ಪರ್ಸೆಂಟ್‌ಗೆ ಬಂದರೆ ಏನಾಗುತ್ತದೆ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತು.

ಮೊದಲು ದುಡ್ಡಿನ ಕಥೆ. 1,200 ರೂಪಾಯಿ ಆಸುಪಾಸಿನ 10,000 ಎಂಎಎಚ್ ಬ್ಯಾಂಕ್, ಮೇಲೆ ದಪ್ಪಕ್ಷರದಲ್ಲಿ 22.5 ವ್ಯಾಟ್. ಆ 22.5 ಕೆಲವು ಫೋನ್‌ಗಳಿಗೆ ಮಾತ್ರ ಸಿಗುವ ಲೆಕ್ಕ, ಲ್ಯಾಪ್‌ಟಾಪ್ ಅದನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ಸುಮಾರು ನಾಲ್ಕು ಸಾವಿರ ಕೊಟ್ಟು 20,000 ಎಂಎಎಚ್, 65 ವ್ಯಾಟ್ ಪಿಡಿ (ಪವರ್ ಡೆಲಿವರಿ, ಎಷ್ಟು ವೋಲ್ಟ್ ಎಂದು ಬ್ಯಾಂಕೂ ಲ್ಯಾಪ್‌ಟಾಪೂ ಮಾತಾಡಿಕೊಳ್ಳುವ ಪದ್ಧತಿ) ಬ್ಯಾಂಕ್ ತಂದೆ. ಅದರ ಡಬ್ಬಿಯಲ್ಲಿ ಬಂದದ್ದು ಒಂದು ಕಡೆ ದೊಡ್ಡ ಯುಎಸ್‌ಬಿ ಎ ಪಿನ್, ಇನ್ನೊಂದು ಕಡೆ ಸಿ ಪಿನ್ ಇರುವ ಕೇಬಲ್! ಎ ಪಿನ್‌ನಲ್ಲಿ ಆ ಮಾತು ಸಾಗುವ ಸಿಸಿ ಲೈನೇ ಇಲ್ಲ, ಪಿಡಿ ಮಾತುಕತೆ ನಡೆಯುವುದಾದರೂ ಎಲ್ಲಿ? ತೀನ್ ಕಂದೀಲ್ ಕಡೆ ಒಂದು ಅಂಗಡಿಯಲ್ಲಿ 150 ರೂಪಾಯಿಗೆ ಸಿ ಟು ಸಿ ಕೇಬಲ್ ಕೊಟ್ಟರು, ನೂರು ವ್ಯಾಟ್ ಗ್ಯಾರಂಟಿ ಸರ್ ಎಂದು. ಅದನ್ನು ಹಾಕಿದರೆ ಚಾರ್ಜ್ ಶುರುವಾಗುತ್ತದೆ, ಎರಡು ಸೆಕೆಂಡಿಗೆ ನಿಲ್ಲುತ್ತದೆ, ಮತ್ತೆ ಟಿಂಗ್ ಎಂದು ಶುರುವಾಗುತ್ತದೆ. ಗಂಟೆಗಟ್ಟಲೆ ಅದೇ ಟಿಂಗ್.

ಬ್ಯಾಂಕ್ ವಾಪಸ್ ಕೊಟ್ಟುಬಿಡು ಎಂದರು ಎಲ್ಲರೂ. ನಾನು ಸಾವಿರ ರೂಪಾಯಿ ಚಿಲ್ಲರೆಗೆ ಕೇಬಲ್‌ನಲ್ಲಿ ಹರಿಯುವ ವೋಲ್ಟ್, ವ್ಯಾಟ್ ತೋರಿಸುವ ಒಂದು ಯುಎಸ್‌ಬಿ ಸಿ ಟೆಸ್ಟರ್ ತರಿಸಿದೆ. ಈ ಇಡೀ ಖರ್ಚಿನಲ್ಲಿ ಮೊದಲು ಪೈಸಾ ವಸೂಲ್ ಆಗಿದ್ದು ಅದೇ. ಎಲ್ಲರೂ ವ್ಯಾಟ್ ನೋಡುತ್ತಾರೆ. ನಾನು ಮೊದಲು ವೋಲ್ಟ್ ನೋಡುತ್ತೇನೆ. 5 ತೋರಿಸಿದರೆ ಮಾತುಕತೆಯೇ ಆಗಿಲ್ಲ: ಕೇಬಲ್ ತಪ್ಪು, ಇಲ್ಲವೇ ಪಿನ್ ಪೂರ್ತಿ ಕೂತಿಲ್ಲ, ಇಲ್ಲವೇ ಲ್ಯಾಪ್‌ಟಾಪ್‌ನ ಆ ಪೋರ್ಟ್ ಬರೀ ಡೇಟಾಗೆ. 9 ಅಥವಾ 15ಕ್ಕೆ ನಿಂತರೆ ಹೆಚ್ಚಾಗಿ ಬ್ಯಾಂಕ್‌ನ ಶಕ್ತಿಯೇ ಅಷ್ಟು. 20 ಬಂದು ಬಂದು ಹೋಗುತ್ತಿದ್ದರೆ ತಂತಿ ತೆಳು. ಆ 150 ರೂಪಾಯಿ ಕೇಬಲ್‌ನಲ್ಲಿ ಬ್ಯಾಂಕ್ ತುದಿಗೆ ಟೆಸ್ಟರ್ ಇಟ್ಟರೆ 20, ಲ್ಯಾಪ್‌ಟಾಪ್ ತುದಿಗೆ ಇಟ್ಟರೆ ಲೋಡ್ ಬಿದ್ದ ಕೂಡಲೇ ಹದಿನೆಂಟೂವರೆ. ಉಳಿದದ್ದೆಲ್ಲ ಕೇಬಲ್‌ನಲ್ಲೇ ಬಿಸಿಯಾಗಿ ಹೋಗುತ್ತಿತ್ತು, ಕೈಯಲ್ಲಿ ಹಿಡಿದರೆ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ ಅಂಗಡಿಯವರು ಯಾರೂ ಹೇಳುವುದಿಲ್ಲ. 65 ವ್ಯಾಟ್ ಎಂದರೆ 20 ವೋಲ್ಟ್, 3.25 ಆಂಪ್. ಕೇಬಲ್ ಎಷ್ಟು ತಡೆಯುತ್ತದೆ ಎಂದು ಹೇಳುವ ಇ-ಮಾರ್ಕರ್ ಚಿಪ್ ಇಲ್ಲದ ಸಿ ಟು ಸಿ ಕೇಬಲ್‌ಗೆ 3 ಆಂಪ್ ಮಿತಿ, ಅಂದರೆ 60 ವ್ಯಾಟ್. ಐದು ವ್ಯಾಟ್‌ಗಾಗಿ ಯಾರೂ ಅಳುವುದಿಲ್ಲ, ಸರಿ. ಆದರೂ ನಾನು 5 ಆಂಪ್‌ನ ಇ-ಮಾರ್ಕರ್ ಕೇಬಲ್ ತಗೊಂಡೆ, 600 ಆಯಿತು ಅನ್ನಿಸುತ್ತದೆ, ಯಾಕೆಂದರೆ ಅದರಲ್ಲಿ ತಾಮ್ರ ಜಾಸ್ತಿ ಇತ್ತು, ವೋಲ್ಟ್ ಇಳಿಯಲಿಲ್ಲ. ಎಲ್ಲಿಂದ ತರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗಂಜ್‌ನಲ್ಲಿ ನಾಲ್ಕು ಜನಕ್ಕೆ ನಾನೇ ತರಿಸಿ ಕೊಡುತ್ತೇನೆ.

ಜಿನ್ನಿಂಗ್ ಮಿಲ್‌ಗೆ ಹೋಗುವವರಿಗೆ ಬೇರೆಯೇ ಕಾಟ. ಹತ್ತಿಯ ನುಣುಪು ಎಳೆ ಸಿ ಪೋರ್ಟ್ ಒಳಗೆ ಸೇರಿ, ಪ್ರತಿ ಸಲ ಪಿನ್ ತುರುಕಿದಾಗಲೂ ತಳಕ್ಕೆ ಒತ್ತಿಕೊಳ್ಳುತ್ತದೆ. ಕೇಬಲ್ ಕೂತಂತೆ ಕಾಣುತ್ತದೆ, ಆದರೆ ಪಿನ್ ಕೂದಲೆಳೆಯಷ್ಟು ಹೊರಗೇ ಇರುತ್ತದೆ. ಟೆಸ್ಟರ್‌ನಲ್ಲಿ 5 ವೋಲ್ಟ್. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಡುವಿನ ನಾಲಿಗೆಗೆ ತಾಗದಂತೆ ಅಂಚಿನಿಂದ ಮೆಲ್ಲಗೆ ಎಳೆದರೆ ಬೂದು ಬಣ್ಣದ ಸಣ್ಣ ಗಾದಿಯೇ ಬರುತ್ತದೆ. ಸೂಜಿ ಮಾತ್ರ ಬೇಡ.

ಆಮೇಲೆ ಉಲ್ಟಾ ಚಾರ್ಜ್. ಬ್ಯಾಂಕೂ ಕೊಡಬಲ್ಲದು, ಲ್ಯಾಪ್‌ಟಾಪೂ ಕೊಡಬಲ್ಲದು, ಹಾಗಾಗಿ ಒಮ್ಮೊಮ್ಮೆ ಲ್ಯಾಪ್‌ಟಾಪೇ ಬ್ಯಾಂಕ್ ತುಂಬಿಸುತ್ತಾ ಕೂರುತ್ತದೆ. ನನ್ನ ಬ್ಯಾಂಕ್‌ನಲ್ಲಿ ಬಟನ್ ಒತ್ತಿ ಎಬ್ಬಿಸಿದ ಮೇಲೆ ಕೇಬಲ್ ಹಾಕಿದರೆ ಸರಿಹೋಗುತ್ತದೆ. ನಡುವೆ ಅದೇ ಬ್ಯಾಂಕ್‌ಗೆ ಫೋನ್ ಸಿಕ್ಕಿಸಬೇಡಿ, ಅದು ಲ್ಯಾಪ್‌ಟಾಪ್‌ನ ಪಾಲನ್ನು 45 ವ್ಯಾಟ್‌ಗೆ ಇಳಿಸುತ್ತದೆ. ಪೂರ್ತಿ ಸತ್ತ ಬ್ಯಾಟರಿಯ ಲ್ಯಾಪ್‌ಟಾಪ್ ಎಬ್ಬಿಸಲು ನನ್ನದೇ ಒಂದು ಕ್ರಮ ಇದೆ. ಅದು ನನ್ನ ಹೊಟ್ಟೆಪಾಡು, ಇರಲಿ ಬಿಡಿ.

ಸುಮ್ನೆ ಕುತೂಹಲಕ್ಕೆ ಬ್ಯಾಂಕ್‌ನಿಂದ 12 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಬೋರ್ಡ್ ತಂದು ವೈಫೈ ರೂಟರ್ ಓಡಿಸಲು ನೋಡಿದೆ. ಪಿಡಿಯಲ್ಲಿ 12 ವೋಲ್ಟ್ ಕಡ್ಡಾಯವಲ್ಲ, ನನ್ನ ಬ್ಯಾಂಕ್‌ನಲ್ಲಿ ಅದು ಇರಲೇ ಇಲ್ಲ. ಬೋರ್ಡ್ 9 ವೋಲ್ಟ್ ಕೊಟ್ಟಿತು, ರೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಯಿತು. ಮೊದಲು ಕೊಂಡ ಆ ಚಿಕ್ಕ ಬ್ಯಾಂಕ್‌ನ ಹಿಂದೆ ಸಣ್ಣಕ್ಷರದಲ್ಲಿ 12 ವೋಲ್ಟ್, 1.5 ಆಂಪ್ ಎಂದಿತ್ತು, ಬೋರ್ಡನ್ನು ಅದಕ್ಕೆ ಹಾಕಿದರೆ ರೂಟರ್ ಎರಡು ಗಂಟೆಗೂ ಜಾಸ್ತಿ ಓಡಿತು. 1,200 ರೂಪಾಯಿ ಹಾಗೆ ವಸೂಲಾಯಿತು.

ಈಗ ಎಷ್ಟು ಸಿಗುತ್ತದೆ? 20,000 ಎಂಎಎಚ್ ಅಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್ ಅವರ್. ಟೆಸ್ಟರ್‌ನಲ್ಲಿ ನನಗೆ ಕಂಡಿದ್ದು ಅರವತ್ತರ ಹತ್ತಿರ. ನನ್ನ ಲ್ಯಾಪ್‌ಟಾಪ್ ಒಂದು ಸಲ ತುಂಬಿ ಸ್ವಲ್ಪ ಉಳಿಯುತ್ತದೆ. ಟ್ಯಾಲಿ, ಬ್ರೌಸರ್ ಅಷ್ಟೇ ಓಡಿಸಿದರೆ ಇನ್ನೂ ನಾಲ್ಕು ಗಂಟೆ ಧೈರ್ಯ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬ್ಯಾಂಕ್ ಅನ್ನು ಬ್ಯಾಗಿನೊಳಗೆ ಇಟ್ಟು ಚಾರ್ಜ್ ಮಾಡಬೇಡಿ. ಬಿಸಿ ಏರಿದರೆ ಅದು ತಾನಾಗಿ 30 ವ್ಯಾಟ್‌ಗೆ ಇಳಿಯುತ್ತದೆ, ಆಮೇಲೆ ಆಫ್. ನಾನು ಗಂಜ್ ಅಂಗಡಿಯ ಶಹಾಬಾದ್ ಕಲ್ಲಿನ ನೆಲದ ಮೇಲೆ, ನೆರಳಲ್ಲಿ, ಏನೂ ಮುಚ್ಚದೆ ಇಡುತ್ತೇನೆ. 42 ಡಿಗ್ರಿ ಬಿಸಿಲಿನ ದಿನವೂ 58, 59 ವ್ಯಾಟ್‌ಗಿಂತ ಕೆಳಗೆ ಇಳಿದಿಲ್ಲ.