ದಕ್ಷಿಣ ಆಫ್ರಿಕಾಕ್ಕೆ ಹೊರಟಿದ್ದೀರಾ? ಬೆಟ್ಟದ ಜೊತೆ ಆ ದೂರವನ್ನೂ ನೋಡಿ ಬನ್ನಿ

ಮಂಗಳೂರಿನಿಂದ ಕೇಪ್‌ಟೌನಿಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ನನ್ನ ತಂಗಿಯ ಮಗಳು ಅಲ್ಲಿ ಓದುತ್ತಿದ್ದಾಳೆ, ನಾನು ಹೋಗಿ ಬಂದವಳು, ಹಾಗಾಗಿ ಕದ್ರಿ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗಲೂ ಯಾರಾದರೂ ನಿಲ್ಲಿಸಿ ಕೇಳುತ್ತಾರೆ. ಎಲ್ಲರದ್ದೂ ಎರಡೇ ಪ್ರಶ್ನೆ. ಏನೇನು ನೋಡಬೇಕು? ಹೆದರಿಕೆ ಉಂಟಾ? ಎರಡಕ್ಕೂ ಇಲ್ಲಿ ಬರೆಯುತ್ತೇನೆ. ಆದರೆ ಯಾರೂ ಕೇಳದ ಮೂರನೆಯದನ್ನೇ ಜಾಸ್ತಿ ಬರೆಯುತ್ತೇನೆ: ಅಷ್ಟು ಚಂದದ ದೇಶದಲ್ಲಿ ಅಷ್ಟೊಂದು ಬಡತನ ಕಣ್ಣೆದುರಿಗೆ ಬಂದಾಗ ನಾವು ಹೇಗೆ ಇರಬೇಕು?

ಮೊದಲು ಸಣ್ಣ ವಿಷಯಗಳನ್ನು ಮುಗಿಸಿಬಿಡೋಣ. ವೀಸಾ ಮೊದಲೇ ಮಾಡಿಸಿಕೊಳ್ಳಿ. ಮಕ್ಕಳು ಜೊತೆಗಿದ್ದರೆ ತಂದೆ ತಾಯಿ ಇಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ನಮ್ಮ ಬಜ್ಪೆಯಿಂದ ದುಬೈ, ಅಲ್ಲಿಂದ ಕೇಪ್‌ಟೌನ್, ಇದು ಸುಲಭದ ದಾರಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಹೋಗುವವರು, ಅಲ್ಲಿ 12 ಗಂಟೆಗಿಂತ ಜಾಸ್ತಿ ಕಾಯಬೇಕಾದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಬೇಕು. ಅಲ್ಲಿನ ಗೋಡೆಯ ಪ್ಲಗ್ಗಿಗೆ ಮೂರು ದಪ್ಪ ಗುಂಡು ತೂತು, ನಮ್ಮ ಗೀಸರಿನ 15 ಆಂಪ್ ಪಿನ್ನಿನ ಅಳತೆ. ಆ ಪಿನ್ ಇರುವ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಮನೆಯಿಂದಲೇ ಒಯ್ದರೆ ಸಾಕು. ಇನ್ನು ಕಾಲ. ನಮ್ಮಲ್ಲಿ ಜೂನ್, ಜುಲೈಯಲ್ಲಿ ಮಳೆ ಹೊಡೆಯುವಾಗ ಕೇಪ್‌ಟೌನಿನಲ್ಲೂ ಮಳೆ, ಅದೂ ಚಳಿಯ ಜೊತೆ. ಅಕ್ಟೋಬರ್ ಕಳೆದ ಮೇಲೆ ಹೋಗಿ.

ಟೂರ್ ಪ್ಯಾಕೇಜಿನವರು ಕೊಡುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಟೇಬಲ್ ಮೌಂಟನ್, ಪೆಂಗ್ವಿನ್, ಕೇಪ್ ಪಾಯಿಂಟ್, ದ್ರಾಕ್ಷಿ ತೋಟ, ಸಫಾರಿ, ಮತ್ತೆ ಸಮಯ ಇದ್ದರೆ ಮ್ಯೂಸಿಯಂ. ಆ ಪಟ್ಟಿಯನ್ನು ತಿರುಗಿಸಿ ಹಾಕಿ ಎನ್ನುವುದು ನನ್ನ ಮೊದಲ ಸಲಹೆ. ಬೆಟ್ಟಕ್ಕೆ ಮಾತ್ರ ದಿನ ಗೊತ್ತು ಮಾಡಬೇಡಿ. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಮೋಡ ಮುಚ್ಚಿದರೆ ಮೇಲೆ ಹೋಗಿ ಏನೂ ಕಾಣುವುದಿಲ್ಲ. ಆಕಾಶ ತಿಳಿಯಾದ ದಿನ ಹೋಗಬೇಕು. ಉಳಿದದ್ದಕ್ಕೆಲ್ಲ ಶುರು ಮಾಡಬೇಕಾದ್ದು ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂನಿಂದ.

ಇದು ಊರಿನ ಮಧ್ಯದಲ್ಲಿ, ಬೈಟನ್‌ಕಾಂಟ್ ಸ್ಟ್ರೀಟಿನ ಒಂದು ಹಳೆಯ ಮೆಥಡಿಸ್ಟ್ ಚರ್ಚಿನೊಳಗೆ ಇದೆ. 1994ರಲ್ಲಿ ಶುರುವಾದದ್ದು. ಡಿಸ್ಟ್ರಿಕ್ಟ್ ಸಿಕ್ಸ್ ಅಂದರೆ ಬೆಟ್ಟದ ಬುಡದಲ್ಲಿ, ಬಂದರಿನ ಹತ್ತಿರ ಇದ್ದ ಕೇರಿ. ದರ್ಜಿಗಳು, ಹಡಗಿನ ಕೂಲಿಯವರು, ಅಂಗಡಿಯವರು, ಎಲ್ಲ ಬಣ್ಣದ, ಎಲ್ಲ ಧರ್ಮದ ಜನ ಒಟ್ಟಿಗೆ ಇದ್ದರು. 1966ರ ಫೆಬ್ರವರಿಯಲ್ಲಿ ಸರ್ಕಾರ ಇದು ಬಿಳಿಯರಿಗೆ ಮಾತ್ರ ಎಂದು ಘೋಷಿಸಿತು. ಆಮೇಲಿನ ವರ್ಷಗಳಲ್ಲಿ 60,000ಕ್ಕೂ ಜಾಸ್ತಿ ಜನರನ್ನು ಎಬ್ಬಿಸಿ, ಊರ ಹೊರಗಿನ ಮರಳು ಬಯಲು ಕೇಪ್ ಫ್ಲಾಟ್ಸಿಗೆ ಸಾಗಿಸಿದರು. ಮನೆಗಳನ್ನು ಬುಲ್ಡೋಜರ್ ತಂದು ಕೆಡವಿದರು. ಚರ್ಚು, ಮಸೀದಿಗಳನ್ನು ಮಾತ್ರ ಮುಟ್ಟಲಿಲ್ಲ.

ಮ್ಯೂಸಿಯಂನ ನೆಲದ ಮೇಲೆ ಆ ಕೇರಿಯ ದೊಡ್ಡ ನಕ್ಷೆ ಹಾಸಿದ್ದಾರೆ. ಅಲ್ಲಿ ಇದ್ದವರು ಬಂದು, ಬಗ್ಗಿ, ತಮ್ಮ ಮನೆ ಎಲ್ಲಿತ್ತೋ ಅಲ್ಲೇ ಹೆಸರು ಬರೆದಿದ್ದಾರೆ. ನಿಮ್ಮ ಕಾಲ ಕೆಳಗೇ ಆ ಹೆಸರುಗಳು ಇರುತ್ತವೆ. ಪಕ್ಕದಲ್ಲಿ ಹಳೆಯ ಬೀದಿಗಳ ನಾಮಫಲಕಗಳು ತೂಗಾಡುತ್ತವೆ. ಅವಸರ ಮಾಡಬೇಡಿ, ಅರ್ಧ ದಿನ ಇಲ್ಲೇ ಇಡಿ. ನಾನು ಹೋದಾಗ ವಯಸ್ಸಾದ ಹೆಂಗಸೊಬ್ಬರು ಮೊಮ್ಮಗಳ ಕೈ ಹಿಡಿದು ಬಗ್ಗಿ, ಒಂದು ಮೂಲೆಯ ಮೇಲೆ ಬೆರಳಿಟ್ಟು ತುಂಬ ಹೊತ್ತು ಏನೋ ಹೇಳುತ್ತಿದ್ದರು. ಹತ್ತಿರ ಹೋಗಿ ಕೇಳಲು ನನಗೆ ಮನಸ್ಸಾಗಲಿಲ್ಲ. ಹೊರಗೆ ಬಂದು ಸ್ವಲ್ಪ ನಡೆದರೆ ಆ ಜಾಗವೇ ಸಿಗುತ್ತದೆ. ಇಷ್ಟು ವರ್ಷಗಳಾದರೂ ಬಹಳಷ್ಟು ಕಡೆ ಬರೀ ಹುಲ್ಲು.

ಇದನ್ನು ಮೊದಲು ನೋಡಿ ಎನ್ನಲು ಕಾರಣ ಇದೆ. ವಿಮಾನ ನಿಲ್ದಾಣದಿಂದ ಊರಿಗೆ ಬರುವ ಎನ್-2 ಹೆದ್ದಾರಿಯ ಪಕ್ಕದಲ್ಲೇ ಮೈಲುಗಟ್ಟಲೆ ತಗಡಿನ ಮನೆಗಳು ಕಾಣುತ್ತವೆ. ಎದುರಿಗೆ ಟೇಬಲ್ ಮೌಂಟನ್. ನಮ್ಮ ಜನ ಅದನ್ನು ನೋಡಿ, 'ಓ ಇಲ್ಲೂ ಸ್ಲಮ್ ಉಂಟು' ಎಂದು ಫೋಟೋ ತೆಗೆದು ಮುಗಿಸುತ್ತಾರೆ. ಆದರೆ ಆ ಮನೆಗಳು ಊರಿಂದ ಅಷ್ಟು ದೂರ ಇರುವುದು ತನ್ನಷ್ಟಕ್ಕೇ ಆದದ್ದಲ್ಲ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾರು ಎಲ್ಲಿ ವಾಸಿಸಬೇಕು ಎಂದು ಬಣ್ಣ ನೋಡಿ ಗೆರೆ ಎಳೆಯಿತು. 1991ರಲ್ಲಿ ಕಾಯ್ದೆ ಹೋಯಿತು, 1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. ಮನೆಗಳು ಇದ್ದಲ್ಲೇ ಉಳಿದವು. ವರಮಾನದ ಅಸಮಾನತೆಯನ್ನು ಅಳೆಯುವ ಜಿನಿ ಸೂಚ್ಯಂಕದಲ್ಲಿ 2014ರ ಲೆಕ್ಕಕ್ಕೆ ವಿಶ್ವಬ್ಯಾಂಕ್ ಈ ದೇಶಕ್ಕೆ ಕೊಟ್ಟ ಅಂಕ 100ಕ್ಕೆ 63, ಆಗ, ಲೆಕ್ಕ ಸಿಕ್ಕಿದ ದೇಶಗಳಲ್ಲಿ ಎಲ್ಲಕ್ಕಿಂತ ಜಾಸ್ತಿ. ಆ ಅಂಕವನ್ನು ಕಣ್ಣಲ್ಲಿ ನೋಡಬೇಕಾದರೆ ದೂರವನ್ನು ನೋಡಬೇಕು.

ಹೇಗೆ ನೋಡುವುದು? ನಿಮ್ಮ ಕೋಣೆಯ ಹಾಸಿಗೆ ಸರಿ ಮಾಡಲು ಬರುವವರನ್ನು ಮಾತನಾಡಿಸಿ. ನಮ್ಮ ಗೆಸ್ಟ್‌ಹೌಸಿಗೆ ಬರುತ್ತಿದ್ದ ಹೆಂಗಸಿನ ಮನೆ ಖಾಯೆಲಿಟ್ಷಾದಲ್ಲಿ. ಅದು ಊರ ನಡುವಿಂದ ಸುಮಾರು 30 ಕಿಲೋಮೀಟರ್. ಬೆಳಗ್ಗೆ ನಾಲ್ಕೂವರೆಗೆ ಏಳಬೇಕಂತೆ. ಎರಡು ಮಿನಿಬಸ್ ಟ್ಯಾಕ್ಸಿ ಬದಲಿಸಿ, ನಾವು ಕಾಫಿಗೆ ಏಳುವ ಮೊದಲೇ ಅಡುಗೆಮನೆಯಲ್ಲಿ ಇರುತ್ತಿದ್ದಳು. 'ನಿನ್ನ ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು?' ಎಂದೆ. 'ಪಕ್ಕದ ಮನೆಯ ಅಜ್ಜಿ' ಎಂದಳು. ಇಷ್ಟು ಕೇಳಿದ ಮೇಲೆ ಆ ಊರಿನ ನಕ್ಷೆ ನನಗೆ ಬೇರೆಯೇ ಕಾಣತೊಡಗಿತು.

ಮಾತನಾಡಿಸಲೂ ಒಂದು ಕ್ರಮ ಉಂಟು. ಮೊದಲು ನಮಸ್ಕಾರ, ಆಮೇಲೆ ಕೆಲಸದ ಮಾತು. ಅಂಗಡಿಗೆ ನುಗ್ಗಿ 'ಅದೆಷ್ಟು, ಇದೆಷ್ಟು' ಎಂದು ಕೇಳಿದರೆ ಅವರಿಗೆ ಬೇಜಾರಾಗುತ್ತದೆ. ಕೇಪ್‌ಟೌನಿನ ಷೋಸಾ ಜನರಿಗೆ 'ಮೋಲೊ' ಎನ್ನಿ, ಸಹಾಯ ಪಡೆದ ಮೇಲೆ 'ಎಂಕೋಸಿ' ಎನ್ನಿ. ವಯಸ್ಸಾದ ಗಂಡಸರಿಗೆ 'ತಾತಾ', ಹೆಂಗಸರಿಗೆ 'ಮಾಮಾ'. ಮುಖ ಅರಳುತ್ತದೆ ನೋಡಿ.

ಈಗ ದುಡ್ಡಿನ ವಿಷಯ. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳು, ಇದನ್ನು ಬಿಡಲು ಆಗುವುದಿಲ್ಲ. ಒಂದು ರ‍್ಯಾಂಡ್ ಅಂದರೆ ನಮ್ಮ ಸುಮಾರು ಐದು ರೂಪಾಯಿ. ಅಲ್ಲಿ 2025ರ ಮಾರ್ಚಿನಲ್ಲಿ ಗೊತ್ತು ಮಾಡಿದ ಕನಿಷ್ಠ ಕೂಲಿ ಗಂಟೆಗೆ 28.79 ರ‍್ಯಾಂಡ್. ಟೇಬಲ್ ಮೌಂಟನ್ ಕೇಬಲ್ ಕಾರಿನಲ್ಲಿ ಹೋಗಿ ಬರುವ ಟಿಕೆಟ್ 400 ರ‍್ಯಾಂಡಿಗೂ ಜಾಸ್ತಿ. ಹಾಗಾದರೆ ಆ ಟಿಕೆಟಿಗೆ ಕೆಲಸದಾಕೆ ಹದಿನಾಲ್ಕು ಗಂಟೆ ದುಡಿಯಬೇಕು. ಅದೂ ಕೆಲಸ ಇದ್ದವರ ಮಾತು. ದುಡಿಯಲು ತಯಾರಿರುವವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಕೆಲಸವೇ ಇಲ್ಲ.

ಆದ್ದರಿಂದ ಟಿಪ್ಸಿನಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ. ಹೋಟೆಲಿನಲ್ಲಿ ಬಿಲ್ಲಿನ ಶೇ. 10ರಿಂದ 15 ಕೊಡುವುದು ಅಲ್ಲಿನ ರೂಢಿ. ಪೆಟ್ರೋಲ್ ಹಾಕಿ ಗಾಜು ಒರೆಸುವವರಿಗೆ ಐದೋ ಹತ್ತೋ ರ‍್ಯಾಂಡ್. ಕಾರು ನಿಲ್ಲಿಸಿದಲ್ಲೆಲ್ಲ ಹೊಳೆಯುವ ಜಾಕೆಟ್ ಹಾಕಿದ ಒಬ್ಬರು ಬಂದು ಕೈ ಎತ್ತುತ್ತಾರೆ. ಅವರು ಕಾರ್ ಗಾರ್ಡ್. ಬಹಳ ಜನರಿಗೆ ಸಂಬಳ ಇಲ್ಲ, ನೀವು ಹೊರಡುವಾಗ ಕೊಡುವ ಚಿಲ್ಲರೆಯೇ ದುಡಿಮೆ. ಅವರಲ್ಲಿ ಕೆಲವರು ಬೇರೆ ಆಫ್ರಿಕನ್ ದೇಶಗಳಿಂದ ಬಂದ, ಓದಿದ ಜನ. ನಿಲ್ಲಿ, ಮುಖ ನೋಡಿ, ಥ್ಯಾಂಕ್ಸ್ ಹೇಳಿ ಕೈಗೆ ಕೊಡಿ. ಕಿಟಕಿಯಿಂದ ನಾಣ್ಯ ಎಸೆಯುವವರನ್ನು ನೋಡಿದ್ದೇನೆ, ನೋಡಲು ಆಗುವುದಿಲ್ಲ.

ಟೌನ್‌ಶಿಪ್ಪಿಗೆ, ಅಂದರೆ ಬಿಳಿಯರಲ್ಲದವರಿಗೆಂದು ಊರ ಹೊರಗೆ ಮಾಡಿದ ಕೇರಿಗಳಿಗೆ, ಹೋಗಬೇಕಾ ಬೇಡವಾ? ಇದರ ಬಗ್ಗೆ ಜಗಳವೇ ಇದೆ. ಬಡವರನ್ನು ಪ್ರಾಣಿಗಳ ಹಾಗೆ ಬಸ್ಸಿನ ಗಾಜಿನಿಂದ ನೋಡುವುದು ತಪ್ಪು ಎನ್ನುತ್ತಾರೆ, ಅದು ಸರಿ. ಆದರೆ ಹೋಗದೇ ಇದ್ದರೆ ನಿಮ್ಮ ದುಡ್ಡು ಪೂರ್ತಿ ವಾಟರ್‌ಫ್ರಂಟಿನ ದೊಡ್ಡ ಮಾಲ್‌ಗಳಲ್ಲೇ ಉಳಿಯುತ್ತದೆ, ಅಲ್ವಾ? ಹೋಗಿ ಎನ್ನುವುದು ನನ್ನ ಮಾತು, ಆದರೆ ನಡೆದು ಹೋಗಿ. ಲಾಂಗಾ ಒಳ್ಳೆಯ ಜಾಗ. 1927ರಲ್ಲಿ ಹುಟ್ಟಿದ ಹಳೆಯ ಟೌನ್‌ಶಿಪ್. ಅಲ್ಲೇ ಮನೆ ಇರುವ ಗೈಡ್ ಬೇಕು ಎಂದು ಕೇಳಿ ಗೊತ್ತು ಮಾಡಿಕೊಳ್ಳಿ. ಮಕ್ಕಳ ಫೋಟೋ ಬೇಡ, ಚಾಕಲೇಟ್ ಹಂಚುವುದೂ ಬೇಡ. ಊಟ ಅಲ್ಲೇ ಮಾಡಿ. ನಮ್ಮ ಉಡುಪಿ ಕಡೆಯ ಸಸ್ಯಾಹಾರಿಗಳಿಗೆ ಪಾಪ್ ಮತ್ತು ಚಕಲಕ ಆಗುತ್ತದೆ. ಪಾಪ್ ಅಂದರೆ ಮೆಕ್ಕೆಜೋಳದ ಹಿಟ್ಟಿನದು, ಘಟ್ಟದ ಮೇಲಿನವರ ಮುದ್ದೆಯ ಹಾಗೆ. ಚಕಲಕ ಅಂದರೆ ಟೊಮೇಟೊ, ಈರುಳ್ಳಿ, ಬೀನ್ಸ್ ಹಾಕಿದ ಖಾರದ ಪಲ್ಯ. ಮಾಂಸ ಹಾಕಿಲ್ಲವಲ್ಲ ಎಂದು ಒಮ್ಮೆ ಕೇಳಿಕೊಳ್ಳಿ.

ಲಾಂಗಾದಲ್ಲಿ ನಮ್ಮ ಗೈಡ್ ನನ್ನನ್ನು ನೇರ ಕೇಳಿದ: 'ನಿಮ್ಮ ದೇಶದಲ್ಲಿ ಜಾತಿ ಇದೆಯಂತಲ್ಲ, ಅದೂ ಇದೇ ತರವಾ?' ನಿಮ್ಮನ್ನೂ ಯಾರಾದರೂ ಕೇಳುತ್ತಾರೆ. 'ಅದೆಲ್ಲ ಹಿಂದಿನ ಕಾಲದ್ದು' ಎಂದು ಹಾರಿಸಿ ಬಿಡಬೇಡಿ. ನಾನು ನಮ್ಮ ಜಿಲ್ಲೆಯ ಕೊರಗರ ವಿಷಯ ಹೇಳಿದೆ. ಅಜಲು ಎಂಬ ಪದ್ಧತಿಯಲ್ಲಿ ಅವರಿಗೆ ಕೂದಲು, ಉಗುರು ಸೇರಿಸಿದ ಅನ್ನ ತಿನ್ನಿಸುತ್ತಿದ್ದರು. ಕರ್ನಾಟಕ ಸರ್ಕಾರ ಅದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ, ಅಂದರೆ ಮಂಡೇಲಾ ಅಧ್ಯಕ್ಷರಾಗಿ ಇಳಿದ ಮೇಲೆ. ಆತ ನಡೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ ಅವನ ಮಾತಿನ ಧಾಟಿಯೇ ಬದಲಾಯಿತು. ಟೂರಿಸ್ಟಿಗೆ ಹೇಳುವ ಪಾಠ ಬಿಟ್ಟು, ತನ್ನ ಅಪ್ಪ ಪಾಸ್‌ಬುಕ್ ಇಲ್ಲದೆ ಸಿಕ್ಕಿಬಿದ್ದ ರಾತ್ರಿಯ ಕಥೆ ಹೇಳಿದ. ಆಗ ಕಪ್ಪು ಜನ ಊರೊಳಗೆ ಬರಲು ಪಾಸ್ ಇಟ್ಟುಕೊಳ್ಳಲೇಬೇಕಿತ್ತು. ಇದರ ವಿರುದ್ಧ ನಿಂತದ್ದಕ್ಕೇ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದರು.

ರಾಬೆನ್ ದ್ವೀಪಕ್ಕೆ ದೋಣಿಯ ಟಿಕೆಟ್ ಮೊದಲೇ ತೆಗೆದಿಡಿ, ಆಮೇಲೆ ಸಿಗುವುದಿಲ್ಲ. ಗಾಳಿಗೆ ದೋಣಿಯೂ ರದ್ದಾಗಬಹುದು, ಅದಕ್ಕೆ ಹೊರಡುವ ಹಿಂದಿನ ದಿನಕ್ಕೆ ಇಡಬೇಡಿ. ಮಂಡೇಲಾ ತಮ್ಮ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದದ್ದು ಇಲ್ಲೇ. ಜೈಲಿನೊಳಗೆ ದಾರಿ ತೋರಿಸುವವರಲ್ಲಿ ಅಲ್ಲೇ ಕೈದಿಗಳಾಗಿದ್ದವರು ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ, ಬೇಗ ಹೋದವರಿಗೆ ಆ ಭಾಗ್ಯ.

ಎಲ್ಲರೂ ಮಂಡೇಲಾರ ಕೋಣೆಯ ಮುಂದೆ ಫೋಟೋಕ್ಕೆ ಸಾಲು ನಿಲ್ಲುತ್ತಾರೆ. ನೀವು ಊಟದ ಪಟ್ಟಿಯ ಬೋರ್ಡ್ ಹುಡುಕಿ ಓದಿ. ಕಪ್ಪು ಕೈದಿಗಳಿಗೆ ಒಂದು ಪಟ್ಟಿ, ಭಾರತೀಯರಿಗೂ ಮಿಶ್ರ ವರ್ಣದವರಿಗೂ ಇನ್ನೊಂದು. ನಮ್ಮವರಿಗೆ ಬ್ರೆಡ್ ಇತ್ತು, ಅವರಿಗೆ ಇರಲಿಲ್ಲ. ಮಂಡೇಲಾ ಜೊತೆ 1964ರಲ್ಲಿ ಜೀವಾವಧಿ ಶಿಕ್ಷೆಯಾದ ಅಹ್ಮದ್ ಕತ್ರಾಡಾ ಭಾರತೀಯ ಮೂಲದವರು. ಅವರಿಗೆ ಉದ್ದ ಪ್ಯಾಂಟ್ ಕೊಟ್ಟರು. ಅವರಿಗಿಂತ ಹಿರಿಯರಾದ ಮಂಡೇಲಾಗೆ, ಕಪ್ಪು ಜನ ಎಂದು, ಚಡ್ಡಿ. ಏಣಿಯ ನಡುವಿನ ಮೆಟ್ಟಿಲಲ್ಲಿ ನಮ್ಮನ್ನು ನಿಲ್ಲಿಸಿದ್ದರು. ಇದು ಗೊತ್ತಿದ್ದರೆ, ಅಲ್ಲಿ ನೆಲೆಸಿದ ಕೆಲವು ಭಾರತೀಯರು 'ಈ ಕಪ್ಪು ಜನ ಹೀಗೇ' ಎಂದು ಶುರು ಮಾಡಿದಾಗ ತಲೆ ಆಡಿಸದೆ ಇರಲು ಸಾಧ್ಯವಾಗುತ್ತದೆ. ನನಗೂ ಅಂಥ ಮನೆಗಳಲ್ಲಿ ಊಟ ಸಿಕ್ಕಿದೆ, ತುಂಬ ಪ್ರೀತಿಯ ಊಟ. ಆದರೆ ಆ ಮಾತಿಗೆ ನಾನು ಉತ್ತರ ಕೊಟ್ಟೇ ಬಂದೆ.

ಸಮಯ ಇದ್ದವರು ಡರ್ಬನ್ನಿಗೂ ಹೋಗಿ. ಮದರಾಸಿನಿಂದ ಹೊರಟ ಟ್ರೂರೊ ಹಡಗು 342 ಜನರನ್ನು ಕಬ್ಬಿನ ತೋಟದ ಕರಾರು ಕೂಲಿಗೆ 1860ರ ನವೆಂಬರ್ 16ರಂದು ಇಳಿಸಿದ್ದು ಅಲ್ಲಿ. ಅವರ ಮರಿಮಕ್ಕಳ ಅಂಗಡಿಗಳಲ್ಲಿ ಬನ್ನಿ ಚೌ ಸಿಗುತ್ತದೆ, ಬ್ರೆಡ್ಡಿನ ಹೊಟ್ಟೆ ತೆಗೆದು ಸಾರು ತುಂಬಿದ್ದು. ಬೀನ್ಸಿನದ್ದು ಕೇಳಿ, ಕಾಲು ಬ್ರೆಡ್ಡೇ ಸಾಕಾಗುತ್ತದೆ.

ಇನ್ನು ಹೆದರಿಕೆ. ಕಳ್ಳತನ, ದರೋಡೆ ಇರುವುದು ನಿಜ. ಕತ್ತಲಾದ ಮೇಲೆ ನಡೆಯಬೇಡಿ, ಆ್ಯಪ್ ಟ್ಯಾಕ್ಸಿ ಕರೆಸಿ. ಕಾರಿನ ಬಾಗಿಲು ಲಾಕ್ ಇರಲಿ, ಬ್ಯಾಗ್ ಸೀಟಿನ ಮೇಲೆ ಕಾಣಬಾರದು. ಎಟಿಎಂ ಹತ್ತಿರ ಸಹಾಯಕ್ಕೆ ಬಂದವರು ಯಾರೇ ಇರಲಿ, ಬೇಡ ಎನ್ನಿ. ಮಾಲ್ ಒಳಗಿನ ಎಟಿಎಂ ಒಳ್ಳೆಯದು. ಕತ್ತಿನ ಸರ, ಬಳೆ ಮಂಗಳೂರಿನ ಲಾಕರಿನಲ್ಲೇ ಇರಲಿ. ಇಷ್ಟು ಮಾಡಿದರೆ ಸಾಕು. ಎದುರಿಗೆ ಬರುವ ಪ್ರತಿ ಕಪ್ಪು ಹುಡುಗನನ್ನು ನೋಡಿ ಪರ್ಸ್ ಒತ್ತಿ ಹಿಡಿಯುವ ಅಗತ್ಯ ಇಲ್ಲ. ಅಲ್ಲಿ ಅಪರಾಧಕ್ಕೆ ಹೆಚ್ಚು ಸಿಕ್ಕಿ ಸಾಯುವವರೂ ಟೌನ್‌ಶಿಪ್ಪಿನ ಬಡವರೇ.

ಬೆಟ್ಟ ಹತ್ತುವ ದಿನ ಮೇಲೆ ಎಲ್ಲರೂ ಸಮುದ್ರದ ಕಡೆ ತಿರುಗಿ ನಿಲ್ಲುತ್ತಾರೆ. ಅದೂ ನೋಡಿ, ಸಾವಿರ ಮೀಟರಿಗೂ ಜಾಸ್ತಿ ಎತ್ತರದಿಂದ ಅಂಥ ನೋಟ ಇನ್ನೆಲ್ಲಿ ಸಿಗುತ್ತದೆ! ಆಮೇಲೆ ಪೂರ್ವಕ್ಕೆ ತಿರುಗಿ. ಚಪ್ಪಟೆಯಾಗಿ ಹರಡಿದ ಬಯಲು ಕೇಪ್ ಫ್ಲಾಟ್ಸ್. ಕೆಳಗೆ ಊರಿನ ಅಂಚಿನ ಹುಲ್ಲುಗಾವಲು ಡಿಸ್ಟ್ರಿಕ್ಟ್ ಸಿಕ್ಸ್. ಮಕ್ಕಳಿದ್ದರೆ ಎರಡನ್ನೂ ಬೆರಳು ಮಾಡಿ ತೋರಿಸಿ, ಇಲ್ಲಿಂದ ಅಲ್ಲಿಗೆ ಕಳಿಸಿದರು ಎಂದು ಹೇಳಿ. ಸ್ವೆಟರ್ ಮರೆಯಬೇಡಿ, ಕೆಳಗೆ ಬಿಸಿಲಿದ್ದರೂ ಮೇಲೆ ಗಾಳಿ ಕೊರೆಯುತ್ತದೆ. ಇಳಿಯುವಾಗ ಕೊನೆಯ ಕೇಬಲ್ ಕಾರ್ ಎಷ್ಟು ಗಂಟೆಗೆ ಎಂದು ಹತ್ತುವಾಗಲೇ ಕೇಳಿಟ್ಟುಕೊಳ್ಳಿ.