ಕಾಗುಣಿತಕ್ಕೂ ಮೊದಲೇ ಒತ್ತಕ್ಷರ: ನಾಲ್ಕನೇ ತರಗತಿಯಲ್ಲಿ ನನ್ನ ಅನುಭವ

ಕಾಗುಣಿತ ಬರದ ಮಕ್ಕಳಿಗೆ ಒತ್ತಕ್ಷರ ಕಲಿಸ್ತೀನಿ ಅಂದಾಗ ಕ್ಲಸ್ಟರ್ ಸಭೆಯಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರೋ ಸಭೆಯಲ್ಲಿ, ನಕ್ಕವರೇ ಜಾಸ್ತಿ. "ಮೊದಲು ಅ ಆ ಇ ಈ ನೆಟ್ಟಗೆ ಬರೆಸಿ ಮೇಷ್ಟ್ರೇ" ಅಂದರು. ಅವರಲ್ಲೇ ಇಬ್ಬರು ಈಗ ನನ್ನ ಪದಪಟ್ಟಿಯ ಫೋಟೊ ಹೊಡೆದುಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು 2022-23ರಲ್ಲಿ. ಆ ವರ್ಷದ ನಾಲ್ಕನೇ ತರಗತಿ ಎಂಥದ್ದು ಅಂತ ಸರ್ಕಾರಿ ಶಾಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದನೇ ತರಗತಿ ಮುಗಿಸೋ ಮೊದಲೇ, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಮತ್ತೆ ತರಗತಿಗೆ ಬಂದಿದ್ದು 2021ರ ಅಕ್ಟೋಬರ್ 25ಕ್ಕೆ, ಅಷ್ಟರಲ್ಲಿ ಮೂರನೇ ತರಗತಿ. ನನ್ನ ಕೈಗೆ ಬಂದಾಗ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ನಾಲ್ಕೈದು ಮಂದಿ ಬಿಟ್ಟರೆ ಯಾರಿಗೂ ಒಂದು ಸಾಲು ಓದೋಕೆ ಬರುತ್ತಿರಲಿಲ್ಲ. ಆದರೆ ಬರೆಯೋದು? ಮುತ್ತಿನಂಥ ಅಕ್ಷರ! ಶಾಲೆ ಮುಚ್ಚಿದ್ದಾಗ ತಪ್ಪಿದ ಕಲಿಕೆ ತುಂಬಿಸೋಕೆ ಸರ್ಕಾರ ಕೊಟ್ಟ 'ಕಲಿಕಾ ಚೇತರಿಕೆ' ಹಾಳೆಗಳನ್ನೂ ಚೆಂದವಾಗಿ ತುಂಬಿಸಿಬಿಡುತ್ತಿದ್ದರು, ಪಕ್ಕದವನ ಹಾಳೆ ನೋಡಿಕೊಂಡು.

ಒಂದು ದಿನ 'ಬೆಕ್ಕು' ಅನ್ನೋ ಪದವನ್ನು ಹತ್ತು ಸಲ ಬರೆಯೋಕೆ ಹೇಳಿ ಹುಡುಗಿಯೊಬ್ಬಳ ಹಿಂದೆ ಸುಮ್ನೆ ನಿಂತು ನೋಡಿದೆ. ಅವಳು ಮೊದಲು 'ಬ'ಗಳನ್ನು ಮೇಲಿಂದ ಕೆಳಗೆ ಸಾಲಾಗಿ ಇಳಿಸಿದಳು. ಆಮೇಲೆ ಎಲ್ಲದಕ್ಕೂ ಎತ್ವ ಸಿಕ್ಕಿಸಿದಳು. ಆಮೇಲೆ 'ಕು' ಸಾಲು. ಕೊನೆಗೆ ಒತ್ತುಗಳು, ಮೇಲಿಂದ ಕೆಳಕ್ಕೆ ಟಕಟಕ ಅಂತ. ಹತ್ತು ಬೆಕ್ಕು ತಯಾರಾದವು, ಒಂದನ್ನೂ ಅವಳು ಓದಲಿಲ್ಲ. ಕಾಪಿ ಬರಹದ ಮೇಲಿದ್ದ ನಂಬಿಕೆ ಅವತ್ತೇ ಹೋಯಿತು.

ದುಡ್ಡಿನ ವಿಷಯ ಮೊದಲು ಹೇಳಿಬಿಡ್ತೀನಿ. ಚಿತ್ರ ಇರೋ ಪದಕಾರ್ಡುಗಳನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸೋಕೆ ನನ್ನ ಜೇಬಿನಿಂದ ಹತ್ತಿರ ಹತ್ತಿರ ಮೂರು ಸಾವಿರ ಹೋಯಿತು. ಒಂದು ವಾರಕ್ಕೆ ಮಕ್ಕಳು ಎಲ್ಲ ಕಾರ್ಡೂ ಪಟಪಟ ಹೇಳುತ್ತಿದ್ದರು. ಖುಷಿಯೋ ಖುಷಿ. ಆಮೇಲೆ ಕೋಳಿ ಚಿತ್ರದ ಮೇಲೆ ಕೈ ಅಡ್ಡ ಇಟ್ಟೆ. ಎಲ್ಲ ಗಪ್‌ಚುಪ್. ಚಿತ್ರ ಕಂಡರೆ ಪದ ನೋಡೋ ಗೋಜಿಗೇ ಹೋಗುತ್ತಿರಲಿಲ್ಲ, ಒಬ್ಬನಂತೂ ಅದೇ ಕಾರ್ಡನ್ನು 'ಹುಂಜ' ಅಂತ ಓದಿದ. ಪ್ಲಾಸ್ಟಿಕ್ ಅಕ್ಷರಗಳ ಒಂದು ಡಬ್ಬಿನೂ ತಂದಿದ್ದೆ, ನಾನೂರೋ ಐನೂರೋ ಇರಬೇಕು. ಅದರಲ್ಲಿ ಒತ್ತೇ ಇಲ್ಲ, ಗುಣಿತದ ಚಿಹ್ನೆನೂ ಇಲ್ಲ. ಒತ್ತಿಲ್ಲದೆ ಕನ್ನಡದಲ್ಲಿ 'ಅಮ್ಮ' ಅಂತ ಕೂಡ ಜೋಡಿಸೋಕೆ ಆಗಲ್ಲ, ಅಲ್ವಾ? ಆ ಡಬ್ಬಿ ಈಗಲೂ ಬೀರುವಿನಲ್ಲಿದೆ.

ಆ ಡಬ್ಬಿ ನೋಡುತ್ತಲೇ ನನಗೆ ಹೊಳೆದಿದ್ದು. ಮಕ್ಕಳು ಶಾಲೆಗೆ ಬರೋ ಮೊದಲೇ ಆಡೋ ಮಾತೆಲ್ಲ ಒತ್ತಿನದ್ದೇ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅನ್ನ, ಹಳ್ಳಿ, ಬೆಲ್ಲ, ಇಲ್ಲ. ನಾವು ಇವನ್ನೆಲ್ಲ ಕೊನೆಗೆ ಇಟ್ಟುಕೊಂಡು, ಒತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಗರಗಸ, ಅರಸ, ಅಗಸ ಓದಿಸ್ತೀವಿ. ನನ್ನ ತರಗತಿಯಲ್ಲಿ ಗರಗಸ ಕಂಡವನು ಒಬ್ಬನೇ, ಅವನಪ್ಪ ಬಡಗಿ. ನಲಿಕಲಿ (ಒಂದರಿಂದ ಮೂರನೇ ತರಗತಿವರೆಗೆ ಚಟುವಟಿಕೆ ಮಾಡಿಸಿ ಕಲಿಸೋ ಪದ್ಧತಿ) ಬೇಡ ಅಂತ ನಾನು ಹೇಳ್ತಿಲ್ಲ, ಅಕ್ಷರಗಳನ್ನು ಗುಂಪು ಮಾಡಿಕೊಂಡು ಕಲಿಸೋದನ್ನು ನಾನು ಕಲಿತಿದ್ದೇ ಅಲ್ಲಿ. ಆದರೆ ಒತ್ತಿಗಾಗಿ ಅಷ್ಟು ದಿನ ಕಾಯೋ ಪುರುಸೊತ್ತು ನಾಲ್ಕನೇ ತರಗತಿಗೆ ಇರಲಿಲ್ಲ.

ಹಾಗಾಗಿ ಮೊದಲ ವಾರವೇ ಅಪ್ಪ, ಅಕ್ಕ, ಅಜ್ಜ, ಅಣ್ಣ. ಇಲ್ಲಿ ಒತ್ತು ಅಂದರೆ ಅದೇ ಅಕ್ಷರ, ತಲೆಕಟ್ಟು ಇದ್ದರೆ ತೆಗೆದು ಪುಟ್ಟದು ಮಾಡಿ ಕೆಳಗೆ ಕೂರಿಸಿದ್ದು. ಮಕ್ಕಳಿಗೆ ಇದು ಅರ್ಧ ಗಂಟೆಯ ಕೆಲಸ. ಕಷ್ಟ ಕೊಡೋವು ತ, ನ, ಮ, ಯ, ರ, ಲ. ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆನೇ ಇಲ್ಲ. ಅವುಗಳಿಗೆ ಒಂದೊಂದು ಪದ ಗಂಟು ಹಾಕಿದೆ: ಅತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಬೆಲ್ಲ. "ಬೆಲ್ಲದ ಒತ್ತು ಹಾಕು" ಅಂದರೆ ಸಾಕು, ಹಲ್ಲಿ, ಕಲ್ಲು, ನಲ್ಲಿ ಎಲ್ಲ ಬಂದವು. ಗೋಡೆ ಮೇಲೆ ಈ ಆರು ಪದ ಬಿಟ್ಟು ಬೇರೇನೂ ಅಂಟಿಸಲಿಲ್ಲ.

ಆಮೇಲೆ ಜೋಡಿಗಳು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದು ಇಲ್ಲಿ. ಕಾಲು–ಕಲ್ಲು. ಹಾಲು–ಹಲ್ಲು. ಬೇಕು–ಬೆಕ್ಕು. ಕತೆ–ಕತ್ತೆ. ಇವನ್ನು ಅಕ್ಕಪಕ್ಕ ಇಟ್ಟು ಓದಿಸಿದರೆ ದೀರ್ಘ, ಒತ್ತು ಎರಡೂ ಒಂದೇ ಏಟಿಗೆ ಬರುತ್ತವೆ. "ಬೆಕ್ಕು ಹಾಲು ಕುಡಿಯಿತು" ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನವನು ಗಟ್ಟಿಯಾಗಿ "ಬೇಕು ಹಲ್ಲು ಕುಡಿಯಿತು" ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ, ತಾನೇ ತಿದ್ದಿಕೊಂಡ. ಮರುದಿನದಿಂದ ಇಂಥ ವಾಕ್ಯಗಳನ್ನು ಅವರೇ ಕಟ್ಟಿಕೊಂಡು ಬರೋಕೆ ಶುರು ಮಾಡಿದರು, ಬಹಳಷ್ಟು ಇಲ್ಲಿ ಬರೆಯೋ ಹಾಗಿಲ್ಲ.

ಪದಗಳ ಲೆಕ್ಕ ಹೇಳಬೇಕು ಅಂದರೆ ಸುಮಾರು ಮುನ್ನೂರು. ಅರ್ಧ ನಾನು ಆರಿಸಿದ್ದು, ಇನ್ನರ್ಧ ಮಕ್ಕಳು ತಂದಿದ್ದು. ಷರತ್ತು ಒಂದೇ, ನಿನ್ನೆ ಬಾಯಲ್ಲಿ ಆಡಿದ ಪದವೇ ಆಗಿರಬೇಕು. ಮೊಬೈಲ್, ಚಾರ್ಜರ್, ಜಾತ್ರೆ, ಟ್ರ್ಯಾಕ್ಟರ್ ಬಂದವು. 'ಕಮಲ' ಓದೋಕೆ ತಡವರಿಸುತ್ತಿದ್ದ ಹುಡುಗ 'ಟ್ರ್ಯಾಕ್ಟರ್' ಅನ್ನು ಎರಡೇ ದಿನದಲ್ಲಿ ಓದಿದ, ಬರೆದ. ಕಾರ್ಡಿಗೆ ಈ ಸಲ ಪೈಸೆ ಖರ್ಚಿಲ್ಲ. ಮದುವೆ ಕರೆಯೋಲೆಗಳ ಖಾಲಿ ಬದಿ, ದಪ್ಪ ಕಾಗದ, ಊರ ತುಂಬಾ ಸಿಗುತ್ತೆ. ಸ್ಕೆಚ್ ಪೆನ್ನಿಗೆ ವರ್ಷಕ್ಕೆ ಇನ್ನೂರರ ಒಳಗೇ ಆಯಿತು. ಚಿತ್ರ ಇಲ್ಲ, ಬೇಕಾದರೆ ಓದಿದ ಮೇಲೆ ಅವರೇ ಬರೆದುಕೊಳ್ಳಲಿ.

ಕಾಗುಣಿತವನ್ನೂ ಉದ್ದಕ್ಕೆ ಬಾಯಿಪಾಠ ಮಾಡಿಸಲಿಲ್ಲ. 'ಕ ಕಾ ಕಿ ಕೀ' ಅಂತ ರಾಗವಾಗಿ ಹಾಡೋ ಹುಡುಗನಿಗೆ ನಡುವಿನ 'ಕೆ' ತೋರಿಸಿದರೆ ಮತ್ತೆ ಮೊದಲಿಂದ ಹಾಡಿಕೊಂಡು ಬರಬೇಕು. ಅದರ ಬದಲು ಒಂದು ಚಿಹ್ನೆ ಹಿಡಿದು, ಗೊತ್ತಿರೋ ಅಕ್ಷರಕ್ಕೆಲ್ಲ ಹಚ್ಚಿದೆ. ಮೊದಲು ಕೊಂಬು, ಯಾಕೆಂದರೆ ನಮ್ಮ ಪದಗಳು ಮುಗಿಯೋದೇ 'ಉ'ದಲ್ಲಿ: ಕಲ್ಲು, ಹಣ್ಣು, ಕಣ್ಣು, ಬೆಕ್ಕು. ಆಮೇಲೆ ಗುಡಿಸು, ಎತ್ವ. ಐತ್ವ, ಔತ್ವ ಯಾವಾಗ ಬಂದವೋ ನೆನಪಿಲ್ಲ, ಹೆಚ್ಚು ತಲೆ ಕೆಡಿಸಿಕೊಂಡಿಲ್ಲ.

ಮಧ್ಯೆ ಕೆಲವು ಹುಚ್ಚಾಟಗಳೂ ನಡೆದವು. ಒತ್ತನ್ನೆಲ್ಲ ಕೆಂಪು ಬಣ್ಣದಲ್ಲಿ ಬರೆದು ನೋಡಿದೆ. ಕೆಂಪಿದ್ದಾಗ ಓದಿದರು, ಕಪ್ಪಾದ ಕೂಡಲೇ ಒತ್ತು ಕಾಣದ ಹಾಗೆ ಓದಿದರು, ಬಿಟ್ಟುಬಿಟ್ಟೆ. ಮರಳಲ್ಲಿ ಬರೆಸೋದು ಆಟಕ್ಕೆ ಚೆನ್ನ, ಓದಿಗೆ ಅಂಥ ಲಾಭ ಕಾಣಲಿಲ್ಲ. ಬಸ್ಸಿನ ಬೋರ್ಡ್ ಓದಿಕೊಂಡು ಬನ್ನಿ ಅಂದಿದ್ದು ಮಾತ್ರ ಭರ್ಜರಿ ನಡೆಯಿತು. ನಮ್ಮ ಮಕ್ಕಳು ಮಾತಲ್ಲಿ 'ಹ' ನುಂಗ್ತಾರೆ, 'ಹಾಲು' ಹೋಗಿ 'ಆಲು' ಆಗುತ್ತೆ. ಬೋರ್ಡಿನ ಮೇಲೆ 'ಹಾಸನ' ಅಂತ ನೋಡಿಕೊಂಡು ಬಂದವನು ಪಕ್ಕದವನ 'ಆಸನ'ವನ್ನು ತಾನೇ ತಿದ್ದಿದ.

ಬರವಣಿಗೆಗೆ ಉಕ್ತಲೇಖನ ಒಂದೇ, ದಿನಕ್ಕೆ ಐದು ಪದ, ನೋಡಿ ಬರೆಯೋದು ಪೂರ್ತಿ ಬಂದ್. ಪೋಷಕರು ಪುಸ್ತಕ ಖಾಲಿ ಇದೆ ಅಂತ ಜಗಳಕ್ಕೆ ಬಂದರು. ಮಕ್ಕಳ ಕೈಲೇ ಅವರೆದುರು ಪೇಪರಿನ ತಲೆಬರಹ ಓದಿಸಿದೆ, ತಣ್ಣಗಾದರು. ಉಕ್ತಲೇಖನವನ್ನು ಹೆದರಿಕೆ ಇಲ್ಲದ ಹಾಗೆ ಮಾಡಿಸೋಕೆ ಒಂದು ಸಣ್ಣ ಉಪಾಯ ಇದೆ, ಯಾರು ಯಾರ ಪುಸ್ತಕ ತಿದ್ದುತ್ತಾರೆ ಅನ್ನೋದರಲ್ಲಿದೆ. ಅಷ್ಟೇ ಹೇಳ್ತೀನಿ, ಮಿಕ್ಕಿದ್ದು ಬೇಕಿದ್ದವರು ನಮ್ಮ ತರಗತಿಗೇ ಬಂದು ನೋಡಲಿ.

ಜನವರಿ ಹೊತ್ತಿಗೆ ಮೂರ್ನಾಲ್ಕು ಮಕ್ಕಳು ಬಿಟ್ಟು ಉಳಿದವರೆಲ್ಲ ಒಂದು ಪುಟದ ಕತೆ ಓದುತ್ತಿದ್ದರು. ಆ ಮೂರ್ನಾಲ್ಕರಲ್ಲಿ ಇಬ್ಬರು ಶಾಲೆಗೇ ಸರಿಯಾಗಿ ಬರುತ್ತಿರಲಿಲ್ಲ. ಆಮೇಲಿನ ತಂಡಗಳಲ್ಲೂ ಹೆಚ್ಚು ಕಡಿಮೆ ಇದೇ ಕತೆ.

ಕೈಗೆ ಸಿಗದೆ ಉಳಿದಿರೋದು ಅರ್ಕಾವೊತ್ತು. 'ಸೂರ್ಯ'ದಲ್ಲಿ ಬಾಯಿಗೆ ಮೊದಲು ಬರೋದು ರ, ಹಾಳೆ ಮೇಲೆ ಅದು ಕೊನೆಗೆ. ಮಕ್ಕಳು 'ಸೂಯರ' ಅಂತ ಓದೋದರಲ್ಲಿ ಅವರ ತಪ್ಪೇನಿದೆ? ಈ ವರ್ಷ ಮೊದಲು 'ಸೂರ‍್ಯ' ಅಂತ, ರ ಬರೆದು ಕೆಳಗೆ ಯ ಒತ್ತು ಕೊಡಿಸಿ, ಅದು ಗಟ್ಟಿಯಾದ ಮೇಲೆ ಅರ್ಕಾವೊತ್ತಿಗೆ ಹೋಗೋಣ ಅಂತಿದ್ದೇನೆ. ಸಹೋದ್ಯೋಗಿಯೊಬ್ಬರು ಈಗಲೇ ಬೇಡ ಅನ್ನುತ್ತಿದ್ದಾರೆ. ದಸರಾ ರಜೆ ಹೊತ್ತಿಗೆ ಗೊತ್ತಾಗುತ್ತೆ.