24 ಗಂಟೆಯ ಯೂರಿನ್ ಹಿಡಿಯುವುದು ಹೇಗೆ? ಮೊದಲನೆಯದನ್ನು ಚೆಲ್ಲಿ!

ತುಮಕೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ನನಗೆ 19 ವರ್ಷ ಆಯಿತು. 24 ಗಂಟೆಯ ಯೂರಿನ್ ಟೆಸ್ಟಿಗೆ 5 ಲೀಟರಿನ ಬಿಳಿ ಕ್ಯಾನ್ ಕೊಟ್ಟು ಕಳಿಸುತ್ತೇವೆ. ಅದು ಸರಿಯಾಗಿ ವಾಪಸ್ ಬರುವುದು ಅಪರೂಪ. ಪಾವಗಡದಿಂದ ಬಂದ ಒಬ್ಬ ಯಜಮಾನರು, 'ಬಸ್ಸಲ್ಲಿ ಅಷ್ಟು ಭಾರ ಯಾಕೆ ಅಂತ ಅರ್ಧ ಚೆಲ್ಬಿಟ್ಟು ಬಂದೆ ಕಣಮ್ಮ' ಅಂದರು. ಇನ್ನೊಬ್ಬಾಕೆ ಕ್ಯಾನ್ ತುಂಬಲಿಲ್ಲ ಅಂತ ನಲ್ಲಿ ನೀರು ಬೆರೆಸಿದ್ದಳು. ತುಂಬಿಸಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಏನು ಮಾಡಬೇಕು ಅಂತಲೂ ಯಾರೂ ಹೇಳಿರಲಿಲ್ಲ.

ಈ ಟೆಸ್ಟಿಗೆ ಶುಗರ್, ಬಿಪಿಯವರೂ ಬರುತ್ತಾರೆ. ಆದರೆ ಲೂಪಸ್‌ನವರು ತಪ್ಪು ಕ್ಯಾನ್ ತಂದರೆ ನನಗೆ ಕರುಳು ಚುರುಕ್ ಅನ್ನುತ್ತದೆ. ಈ ಕಾಯಿಲೆ ಇರುವ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಅದೂ ಓದುವ, ಮದುವೆ ಆಗುವ, ಮಕ್ಕಳು ಹೆರುವ ವಯಸ್ಸಿನವರೇ ಜಾಸ್ತಿ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿ ಬೀಳುವುದಕ್ಕೆ ಲೂಪಸ್ ಅನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂತಾರಲ್ಲ, ಹಾಗೆ. ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಜರಡಿಗಳಿವೆ, ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ. ಲೂಪಸ್‌ನ ಪ್ರತಿಕಾಯಗಳು ಅಲ್ಲಿ ಹೋಗಿ ಕೂತರೆ ಜರಡಿ ಊದಿಕೊಂಡು, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಮೂತ್ರ ನೊರೆನೊರೆ ಆಗುವುದು, ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಸಂಜೆ ಕಾಲು ಊತ, ಇವೆಲ್ಲ ಅದರ ಗುರುತು. ಎಷ್ಟೋ ಸಲ ಯಾವ ಗುರುತೂ ಇರುವುದಿಲ್ಲ. ಅದಕ್ಕೇ ಇಡೀ ದಿನದ ಮೂತ್ರ ಹಿಡಿದು ಪ್ರೋಟೀನ್ ಅಳೆಯುವುದು.

ಕ್ಯಾನ್ ಮತ್ತು ದಿನ

ಕ್ಯಾನನ್ನು ಲ್ಯಾಬಿನಿಂದಲೇ ತನ್ನಿ. ಕೋಲಾ ಬಾಟಲಿ, ಎಣ್ಣೆ ಕ್ಯಾನ್, ಎಷ್ಟು ತೊಳೆದರೂ ವಾಸನೆ ಬಿಡದ ಫಿನಾಯಿಲ್ ಡಬ್ಬ ಯಾವುದೂ ಬೇಡ. ಕ್ಯಾನಿಗೆ ನೇರ ಹಿಡಿಯುವುದು ಹೆಂಗಸರಿಗೆ ಆಗದ ಕೆಲಸ. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಜಗ್ ಕೊಂಡು, ಇದಕ್ಕೆಂದೇ ಇಟ್ಟುಕೊಳ್ಳಿ. ಬರೀ ಪ್ರೋಟೀನ್ ಟೆಸ್ಟಿಗೆ ಕ್ಯಾನಿನೊಳಗೆ ಸಾಮಾನ್ಯವಾಗಿ ಏನೂ ಹಾಕಿರುವುದಿಲ್ಲ. ಬೇರೆ ಕೆಲವು ಟೆಸ್ಟಿಗೆ ಆ್ಯಸಿಡ್ ಹಾಕಿ ಕೊಡುತ್ತಾರೆ. ತಳದಲ್ಲಿ ಏನಾದರೂ ನೀರಿನ ಹಾಗೆ ಕಂಡರೆ ಕೇಳಿ, ತೊಳೆದು ಚೆಲ್ಲಬೇಡಿ.

ಮುಟ್ಟಿನ ದಿನಗಳಲ್ಲಿ ಬೇಡ, ನಿಂತು ಎರಡು ಮೂರು ದಿನ ಆಗಲಿ. ಜ್ವರ, ಉರಿಮೂತ್ರ ಇದ್ದಾಗಲೂ ಬೇಡ. ಮೈಮುರಿಯುವ ಕೆಲಸದ ದಿನವೂ ಬೇಡ, ಅವತ್ತು ಪ್ರೋಟೀನ್ ಸುಮ್ಮನೆ ಏರಿ ಕಾಣುತ್ತದೆ. ನನ್ನ ಪ್ರಕಾರ ಭಾನುವಾರ ಬೆಳಿಗ್ಗೆ ಶುರು ಮಾಡಿ ಸೋಮವಾರ ಬೆಳಿಗ್ಗೆ ಮುಗಿಸಿ. ಇಡೀ ದಿನ ಮನೆಯಲ್ಲಿರುತ್ತೀರಿ, ಮುಗಿಸುವ ಹೊತ್ತಿಗೆ ಲ್ಯಾಬೂ ತೆಗೆದಿರುತ್ತದೆ. ಗೃಹಪ್ರವೇಶ, ನಾಮಕರಣ ಇರುವ ಭಾನುವಾರ ಮಾತ್ರ ಕೈಹಾಕಬೇಡಿ.

ಶುರು ಮಾಡುವುದು: ಎಲ್ಲರೂ ಎಡವುವ ಜಾಗ

ಭಾನುವಾರ ಬೆಳಿಗ್ಗೆ ಎದ್ದಿರಿ, 6 ಗಂಟೆ ಅಂದುಕೊಳ್ಳಿ. ಒಂದಕ್ಕೆ ಹೋಗಿ. ಪೂರ್ತಿ ಹೋಗಿ. ಅದನ್ನು ಹಿಡಿಯಬೇಡಿ, ಕಕ್ಕಸಿಗೇ ಬಿಡಿ. ಈಗ ಗಡಿಯಾರ ನೋಡಿ, ಕ್ಯಾನಿನ ಮೇಲೆ '6-00, ಭಾನುವಾರ' ಅಂತ ಬರೆಯಿರಿ. ನಿಮ್ಮ 24 ಗಂಟೆ ಇಲ್ಲಿಂದ ಶುರು.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಅದನ್ನೇ ಮೊದಲು ಕ್ಯಾನಿಗೆ ಹಾಕುತ್ತಾರೆ! ಯಾಕೆಂದರೆ ಬೇರೆ ಯೂರಿನ್ ಟೆಸ್ಟಿಗೆಲ್ಲ 'ಬೆಳಿಗ್ಗೆ ಎದ್ದ ತಕ್ಷಣದ್ದು ತನ್ನಿ' ಅಂತ ನಾವೇ ಹೇಳಿ ಅಭ್ಯಾಸ ಮಾಡಿಸಿದ್ದೇವೆ.

ಚೆಲ್ಲುವುದು ಯಾಕೆ ಅಂದರೆ, ಬೆಳಿಗ್ಗೆ 6ಕ್ಕೆ ಹೊರಗೆ ಬಂದದ್ದು ರಾತ್ರಿಯೆಲ್ಲ ಕೂಡಿಕೊಂಡ ಮೂತ್ರ. ಅದು ನಿನ್ನೆಯ ಬಾಬ್ತು. ನಮಗೆ ಬೇಕಿರುವುದು 6ರ ನಂತರ ಕಿಡ್ನಿ ಮಾಡಿದ್ದು ಮಾತ್ರ. ಆಟೋ ಹತ್ತಿದಾಗ ಮೀಟರನ್ನು ಸೊನ್ನೆಗೆ ತಿರುಗಿಸುತ್ತಾರಲ್ಲ, ಆ ಮೊದಲ ಮೂತ್ರ ಚೆಲ್ಲುವುದೂ ಅದೇ. (ನಮ್ಮೂರಲ್ಲಿ ಆಟೋದವರು ಮೀಟರ್ ಹಾಕಿದ್ದು ನಾನು ನೋಡಿಲ್ಲ, ಅದು ಬೇರೆ ಮಾತು.)

ಸೊನ್ನೆ ಆಯಿತಾ? ಇನ್ನು ಮುಂದೆ ಒಂದು ಹನಿಯೂ ಹೊರಗೆ ಹೋಗಬಾರದು. ಹಗಲಿನದು, ಸಂಜೆಯದು, ನಡುರಾತ್ರಿ ಎದ್ದದ್ದು ಎಲ್ಲವೂ ಕ್ಯಾನಿಗೆ. ಸೋಮವಾರ ಬೆಳಿಗ್ಗೆ ಸರಿಯಾಗಿ 6ಕ್ಕೆ ಮತ್ತೆ ಹೋಗಿ. ಬರುತ್ತಿಲ್ಲ ಅನಿಸಿದರೂ ಹೋಗಿ. ಇದನ್ನು ಚೆಲ್ಲಬೇಡಿ, ಕ್ಯಾನಿಗೆ ಹಾಕಿ. ಮೊದಲ ಬೆಳಗಿನದು ಕಕ್ಕಸಿಗೆ, ಎರಡನೇ ಬೆಳಗಿನದು ಕ್ಯಾನಿಗೆ. ಎರಡನ್ನೂ ಹಾಕಿದರೆ ಒಂದು ಹಗಲು, ಎರಡು ರಾತ್ರಿಯ ಲೆಕ್ಕ ಆಗುತ್ತದೆ. ಎರಡನ್ನೂ ಚೆಲ್ಲಿದರೆ ರಾತ್ರಿಯೇ ಇಲ್ಲ. ಎಚ್ಚರ ಆದದ್ದು ಆರೂವರೆಗೆ ಅಂದರೆ ಗಾಬರಿ ಬೇಡ, ಆರೂವರೆಗೇ ಮುಗಿಸಿ ಆ ಟೈಮನ್ನೇ ಬರೆಯಿರಿ. ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಚೆನ್ನಾಗಿ ಕಾಣಲಿ ಅಂತ 6 ಅಂತ ಬರೆಯುವವರಿಂದಲೇ ನಮಗೆ ತೊಂದರೆ.

ನಡುವೆ ಸೋರುವ ಜಾಗ ಎಲ್ಲೆಲ್ಲಿ ಅಂತಲೂ ನೋಡಿ. ಒಂದು, ಸ್ನಾನ: ಬಚ್ಚಲಿಗೆ ಹೋಗುವ ಮೊದಲು ಜಗ್ಗಿಗೆ ಹೋಗಿಬಿಡಿ, ಬಿಸಿನೀರು ಬಿದ್ದ ಮೇಲೆ ತಡೆಯಲು ಆಗುವುದಿಲ್ಲ. ಇನ್ನೊಂದು, ಎರಡಕ್ಕೆ ಹೋಗುವಾಗ. ಅಲ್ಲಿಯೂ ಮೊದಲು ಜಗ್ಗಿಗೆ, ಆಮೇಲೆ ಉಳಿದದ್ದು. ಮೂರನೆಯದು ನಿದ್ದೆಗಣ್ಣು. ಕಕ್ಕಸಿನ ಬಾಗಿಲ ಹಿಡಿಗೆ ಒಂದು ಬಟ್ಟೆ ಚೂರು ಕಟ್ಟಿಡಿ, ರಾತ್ರಿ 2 ಗಂಟೆಗೆ ಕೈಗೆ ಸಿಕ್ಕಾಗ ನೆನಪಾಗುತ್ತದೆ. ಮನೆಯವರಿಗೂ ಹೇಳಿಡಿ. 'ಯಾರೋ ಜಗ್ಗಲ್ಲಿ ಗಲೀಜು ಬಿಟ್ಟಿದ್ರು' ಅಂತ ಅತ್ತೆ ಚೆಲ್ಲಿದ ಕಥೆ ನಾನು ಎರಡು ಸಲ ಕೇಳಿದ್ದೇನೆ.

ಒಂದು ಸಲ ತಪ್ಪಿ ಹೊರಗೆ ಹೋಯಿತಾ? ಇದ್ದದ್ದನ್ನು ಚೆಲ್ಲಿ, ಕ್ಯಾನ್ ಬದಲಾಯಿಸಿ, ಮಾರನೇ ದಿನ ಮತ್ತೆ ಶುರು ಮಾಡಿ. ಸಂಕಟದ ಮಾತೇ, ಗೊತ್ತು. 'ಒಂದೇ ಸಲ ತಾನೆ ಮೇಡಂ' ಅನ್ನಬೇಡಿ.

ಹಿಡಿಯಬೇಕು ಅಂತ ನೀರು ಜಾಸ್ತಿ ಕುಡಿಯುವುದೂ ಬೇಡ, ಎದ್ದು ಹೋಗುವುದು ರಗಳೆ ಅಂತ ಕಮ್ಮಿ ಕುಡಿಯುವುದೂ ಬೇಡ. ದಿನಾ ಉಣ್ಣುವ ಮುದ್ದೆ, ಸಾರು ಉಣ್ಣಿ. ಡಾಕ್ಟರ್ ಬಿಡಿ ಅನ್ನದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಎಲ್ಲಿಡುವುದು?

ತಣ್ಣಗಿರಬೇಕು. ಫ್ರಿಜ್ ಒಳ್ಳೆಯದು, ಆದರೆ ಹಾಲು ಮೊಸರಿನ ಪಕ್ಕ ಅದನ್ನಿಡಲು ಯಾವ ಮನೆಯಲ್ಲೂ ಒಪ್ಪುವುದಿಲ್ಲ. ಜಗಳ ಬೇಡ. ಬಕೆಟ್ಟಿನಲ್ಲಿ ಐಸ್ ಹಾಕಿ ಅದರೊಳಗೆ ಕ್ಯಾನ್ ನಿಲ್ಲಿಸಿ, ಮೇಲೊಂದು ಒದ್ದೆ ಗೋಣಿಚೀಲ ಮುಚ್ಚಿ, ಬಿಸಿಲು ಬೀಳದ ಮೂಲೆಯಲ್ಲಿಡಿ. ಐಸ್ ಕರಗಿದಂತೆ ಬದಲಾಯಿಸುತ್ತಿರಿ.

ಮುಗಿದ ಮೇಲೆ ಇಡೀ ಕ್ಯಾನ್ ತನ್ನಿ. ಬಸ್ಸಿಗೆ ಮುಜುಗರ ಆದರೆ ಬಟ್ಟೆ ಚೀಲದೊಳಗೆ ಇಡಿ. ಅವತ್ತೇ ರಕ್ತವನ್ನೂ ಕೊಟ್ಟು ಹೋಗಿ, ಮಾಂಸಖಂಡದಿಂದ ಬರುವ ಕಸವಾದ ಕ್ರಿಯಾಟಿನಿನ್‌ಗೆ ಬೇಕಾಗುತ್ತದೆ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ಪ್ರೋಟೀನ್ ಅಲ್ಲ

ಗುಬ್ಬಿ ಕಡೆಯ, ಲೂಪಸ್ ಇರುವ ಒಬ್ಬ ಹುಡುಗಿ, 24 ವರ್ಷ, ತೂಕ 50 ಕೆ.ಜಿ. ಮೊದಲ ಸಲ 1,500 ಮಿಲಿಲೀಟರ್ ತಂದಾಗ ದಿನದ ಪ್ರೋಟೀನ್ 2,500 ಮಿಲಿಗ್ರಾಂ ಇತ್ತು. 150 ದಾಟಬಾರದು. ಮೂರು ತಿಂಗಳು ಸ್ಟೆರಾಯ್ಡ್ ಮಾತ್ರೆ ನುಂಗಿ ಮತ್ತೆ ಬಂದಳು. ಈ ಸಲ 1,220! ಅರ್ಧಕ್ಕಿಂತ ಕೆಳಗೆ. ಅವಳಮ್ಮ ಕೌಂಟರಿನಲ್ಲೇ ಕೈಮುಗಿದರು.

ನನ್ನ ಕಣ್ಣು ಹೋದದ್ದು ಕೆಳಗಿನ ಸಾಲಿಗೆ, ಮೂತ್ರದ ಕ್ರಿಯಾಟಿನಿನ್‌ಗೆ. ಇದು ಮಾಂಸಖಂಡದಿಂದ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುವ ಕಸ. ಹೆಂಗಸರಿಗೆ ಕಿಲೋ ತೂಕಕ್ಕೆ 15ರಿಂದ 20 ಮಿಲಿಗ್ರಾಂ, ಗಂಡಸರಿಗೆ 20ರಿಂದ 25. ಅಂದರೆ 50 ಕೆ.ಜಿ. ಹುಡುಗಿಗೆ 750ರಿಂದ 1,000 ಬರಬೇಕು. ಮೊದಲ ಸಲ 880 ಇತ್ತು. ಈ ಸಲ 430. ಮೂತ್ರವೂ 730 ಮಿಲಿಲೀಟರ್ ಅಷ್ಟೇ. ಕೇಳಿದೆ. ಹಗಲು ಗಾರ್ಮೆಂಟ್ಸ್‌ಗೆ ಹೋಗಿದ್ದಳು, ಅಲ್ಲಿ ಹೋದದ್ದನ್ನು ಹಿಡಿದಿರಲಿಲ್ಲ. 'ಅಲ್ಲಿ ಎಲ್ಲಿ ಅಂತ ಹಿಡಿಯೋದು ಅಕ್ಕ' ಅಂದಳು. ಅರ್ಧ ದಿನದ ಮೂತ್ರ, ಅದಕ್ಕೆ ಅರ್ಧ ಪ್ರೋಟೀನ್. 2,500ನ್ನು 880ರಿಂದ ಭಾಗಿಸಿ, 2.8. 1,220ನ್ನು 430ರಿಂದ ಭಾಗಿಸಿ, ಅದೂ 2.8. ಕಾಯಿಲೆ ಎಳ್ಳಷ್ಟೂ ಇಳಿದಿರಲಿಲ್ಲ. ಬರೀ 1,220 ನೋಡಿ ಸ್ಟೆರಾಯ್ಡ್ ಇಳಿಸಿದ್ದರೆ?

ಹಾಗಾಗಿ ಪ್ರೋಟೀನ್ ಜೊತೆ ಕ್ರಿಯಾಟಿನಿನ್ ಕೂಡ ಮಾಡಿ ಅಂತ ನೀವೇ ಕೇಳಿ. ವಯಸ್ಸಾದವರಲ್ಲಿ, ಸ್ಟೆರಾಯ್ಡಿನಿಂದ ಮಾಂಸಖಂಡ ಇಳಿದವರಲ್ಲಿ ಅದು ಕಮ್ಮಿ ಇರುತ್ತದೆ, ಆದ್ದರಿಂದ ಹಳೇ ರಿಪೋರ್ಟಿನ ಜೊತೆ ಇಟ್ಟು ನೋಡಬೇಕು. ಹಳೇ ರಿಪೋರ್ಟ್ ಬಿಸಾಡಬೇಡಿ.

ಪ್ರೋಟೀನಿನ ಈ ಒಂದು ಅಂಕಿಗೆ ಇಷ್ಟೊಂದು ತಲೆಬಿಸಿ ಯಾಕೆ ಅಂದರೆ, ಲೂಪಸ್ ಕಿಡ್ನಿಯ ಸಂಶೋಧನೆ ನಿಂತಿರುವುದೇ ಅದರ ಮೇಲೆ. ಯುರೋಪಿನಲ್ಲಿ 90 ರೋಗಿಗಳ ಮೇಲೆ ಯೂರೋ-ಲೂಪಸ್ ಅನ್ನುವ ಅಧ್ಯಯನ ನಡೆಯಿತು, 2002ರಲ್ಲಿ ಫಲಿತಾಂಶ ಬಂತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಇಂಜೆಕ್ಷನ್ನನ್ನು ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ 6 ಸಲ ಕೊಟ್ಟರೂ ಹಳೆಯ ದೊಡ್ಡ ಡೋಸಿನಷ್ಟೇ ಕೆಲಸ ಮಾಡುತ್ತದೆ ಅಂತ ತೋರಿಸಿದ್ದು ಅದೇ. ಆಮೇಲೆ ಆ ರೋಗಿಗಳನ್ನೇ ವರ್ಷಗಟ್ಟಲೆ ನೋಡುತ್ತಾ ಹೋದರು. ಕಿಡ್ನಿ ಚೆನ್ನಾಗಿ ಉಳಿಯುವುದು ಯಾರದು ಅಂತ ಮೊದಲೇ ಹೇಳಲು ಆಗುತ್ತದಾ? 12ನೇ ತಿಂಗಳಿಗೆ ದಿನದ ಪ್ರೋಟೀನ್ 0.8 ಗ್ರಾಂಗಿಂತ ಕೆಳಗೆ ಬಂದಿದೆಯಾ ಅನ್ನುವುದೇ ಒಳ್ಳೆಯ ಸುಳಿವು ಅಂತ ಗೊತ್ತಾಯಿತು. ಮೂತ್ರದ ಕೆಂಪು ರಕ್ತಕಣಗಳನ್ನೂ ಸೇರಿಸಿ ನೋಡಿದರು. ಲೆಕ್ಕ ಸುಧಾರಿಸುವ ಬದಲು ಕೆಟ್ಟಿತು. ಅದಕ್ಕೇ ಡಾಕ್ಟರುಗಳು ಈಗ ಮೂರು ತಿಂಗಳಿಗೆ ಪ್ರೋಟೀನ್ ಕಾಲು ಭಾಗವಾದರೂ ಇಳಿಯಲಿ, ಆರು ತಿಂಗಳಿಗೆ ಅರ್ಧ, ವರ್ಷಕ್ಕೆ 0.5–0.7 ಗ್ರಾಂ ಒಳಗೆ ಬರಲಿ ಅಂತ ಕಾಯುತ್ತಾರೆ.

ಹೊಸ ಔಷಧಿಗಳ ಕಥೆಯೂ ಅಷ್ಟೇ. ಬೆಲಿಮುಮ್ಯಾಬ್‌ನ 448 ಜನರ ಅಧ್ಯಯನ 2020ರಲ್ಲಿ ಬಂತು, ವೋಕ್ಲೋಸ್ಪೋರಿನ್‌ನ 357 ಜನರದು 2021ರಲ್ಲಿ, ಒಬಿನುಟುಜುಮ್ಯಾಬ್‌ನ 271 ಜನರದು 2025ರಲ್ಲಿ. ಮೂರರಲ್ಲೂ ಗೆದ್ದದ್ದು ಸೋತದ್ದು ತೀರ್ಮಾನಿಸುವಾಗ ಮೂತ್ರದ ಪ್ರೋಟೀನನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿದ ಲೆಕ್ಕವನ್ನು ಮುಂದಿಟ್ಟುಕೊಂಡರು. ಬೆಲಿಮುಮ್ಯಾಬ್ ಸೇರಿಸಿಕೊಂಡವರಲ್ಲಿ 43% ಜನ ಗುರಿ ಮುಟ್ಟಿದರು, ಹಳೆಯ ಔಷಧಿಯಲ್ಲೇ ಉಳಿದವರಲ್ಲಿ 32%. ವೋಕ್ಲೋಸ್ಪೋರಿನ್‌ನಲ್ಲಿ 41 ಮತ್ತು 23. ಒಬಿನುಟುಜುಮ್ಯಾಬ್‌ನಲ್ಲಿ 46 ಮತ್ತು 33. ವ್ಯತ್ಯಾಸ ನಿಜ, ಆದರೂ ಅರ್ಧಕ್ಕಿಂತ ಜಾಸ್ತಿ ಜನ ಗುರಿ ಮುಟ್ಟಿಲ್ಲ ನೋಡಿ. 'ಹೊಸ ಇಂಜೆಕ್ಷನ್ ಹಾಕಿಸಿದರೆ ಟೆಸ್ಟ್ ಬೇಡ' ಅಂತ ಯಾರಾದರೂ ಅಂದರೆ ನಂಬಬೇಡಿ.

ಅಡ್ಡದಾರಿಗಳು

'ಭಾಗಿಸಿದರೆ ಸಾಕು ಅಂದಮೇಲೆ ಇಡೀ ದಿನ ಯಾಕೆ ಹಿಡಿಯಬೇಕು?' ಅಂತ ಕೇಳಬಹುದು. ಒಂದು ಸಲದ ಮೂತ್ರದಲ್ಲೂ ಆ ಲೆಕ್ಕ ಹಾಕುತ್ತಾರೆ, ತಿಂಗಳ ತಿಂಗಳ ಚೆಕಪ್ಪಿಗೆ ಸಾಕು. ಆದರೆ ಬೆಳಿಗ್ಗೆಯದು ಒಂದು, ಓಡಾಡಿದ ಮೇಲಿನದು ಇನ್ನೊಂದು ಬರುತ್ತದೆ. ಔಷಧಿ ಬದಲಾಯಿಸುವ, ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವುದು) ಮಾಡಿಸುವ ತೀರ್ಮಾನದ ಹೊತ್ತಿಗೆ ನಾನಂತೂ 24 ಗಂಟೆಯದೇ ಮಾಡಿಸಿ ಅನ್ನುತ್ತೇನೆ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಮೂತ್ರದಲ್ಲಿ ಅದ್ದುವ ಪಟ್ಟಿ ಮನೆಯಲ್ಲಿ ಒಂದು ಅಂದಾಜಿಗೆ ಆದೀತು. ಡಬ್ಬದ ಮುಚ್ಚಳ ತೆರೆದಿಟ್ಟು ತೇವ ಹಿಡಿಸಿದ ಪಟ್ಟಿಗೆ ಬಣ್ಣ ಹೇಗೆ ಬೇಕೋ ಹಾಗೆ ತಿರುಗುತ್ತದೆ. 'ಕಿಡ್ನಿ ಶುದ್ಧಿ' ಪುಡಿಗಳನ್ನು ಹತ್ತಿರವೂ ತರಬೇಡಿ, ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಕೀಲುನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫಿನಾಕ್ ಮಾತ್ರೆ ಕೂಡ ಅಷ್ಟೇ. ಲೂಪಸ್‌ನಲ್ಲಿ ಕೀಲುನೋವು ಸಾಮಾನ್ಯ, ಆ ಮಾತ್ರೆ ಇರುವ ಕಿಡ್ನಿಗೂ ಏಟು ಕೊಡುತ್ತದೆ. ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಗುಬ್ಬಿ ಹುಡುಗಿ ಮುಂದಿನ ಭಾನುವಾರ ಮತ್ತೆ ಹಿಡಿದಳು. 1,480 ಮಿಲಿಲೀಟರ್, ಕ್ರಿಯಾಟಿನಿನ್ 870, ಪ್ರೋಟೀನ್ 2,430. ಡಾಕ್ಟರ್ ಔಷಧಿ ಬದಲಾಯಿಸಿದರು. ಹೋಗುವಾಗ 'ಕ್ಯಾನ್ ತೊಳೆದು ಇಟ್ಕೋತೀನಿ ಅಕ್ಕ, ಮುಂದಿನ ಸಲಕ್ಕೆ ಆಗುತ್ತೆ' ಅಂದಳು. ಬೇಡ ಅಂತ ಕಿತ್ತುಕೊಂಡು ಹೊಸದು ಕೊಟ್ಟೆ. ಸೋಪಿನ ನೀರು ಒಂದಿಷ್ಟು ಉಳಿದರೂ ಲೆಕ್ಕ ಕೆಡುತ್ತದೆ, ನೀವೂ ಪ್ರತಿ ಸಲ ಹೊಸದೇ ಕೇಳಿ.